ಹದಿನೈದು ವರ್ಷ ದಾಟಿದ ಕಾರಿನ ಎಫ್‌ಸಿ: ತಪಾಸಣೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಬಸವನಗುಡಿ ವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪೆಟ್ರೋಲ್ ಕಾರು 2011ರಲ್ಲಿ ಜಯನಗರದ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾದದ್ದು. ಅದರ ಆರ್‌ಸಿ (ನೋಂದಣಿ ಪತ್ರ) ಅವಧಿ ಇನ್ನೇನು ಮುಗಿಯಲಿದೆ. ನವೀಕರಣಕ್ಕೆ ಕಾರನ್ನು ಎಫ್‌ಸಿ (ಕಾರು ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ) ತಪಾಸಣೆಗೆ ಒಯ್ಯಬೇಕು, ಶುಲ್ಕ ಕಟ್ಟಬೇಕು ಎಂಬುದು ಗೊತ್ತಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನನ್ನು ಕಾಡುತ್ತಿರುವುದು ಬೇರೆ ಪ್ರಶ್ನೆ. ನಮ್ಮ ಬೀದಿಯಲ್ಲಿ ಒಂದೇ ಮಾದರಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಕಾರುಗಳಿವೆ. ಗುಂಡಿ ಸಿಕ್ಕಾಗಲೆಲ್ಲ ಮುಂದಿನ ಚಕ್ರದ ಬಳಿ ಕಟಕಟ ಎನ್ನುವ ಕಾರಿಗೆ ಎಫ್‌ಸಿ ಸಿಕ್ಕಿತು. ಮಾಲೀಕರು ಜೋಪಾನವಾಗಿ ಇಟ್ಟುಕೊಂಡಿದ್ದ ಇನ್ನೊಂದನ್ನು ಹೆಡ್‌ಲೈಟ್ ಮಂಕಾಗಿದೆ ಎಂದು ವಾಪಸು ಕಳಿಸಿದರು. ಹಾಗಾದರೆ ಆ ಕಾಗದ ಕಾರಿನ ಸ್ಥಿತಿಯ ಬಗ್ಗೆ ಏನನ್ನು ಹೇಳುತ್ತದೆ? ಅದನ್ನು ನಂಬಿ ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯಬಹುದೇ? ಹಳೆಯ ಕಾರುಗಳು ನಿಜವಾಗಿ ಎಲ್ಲಿ ಸೋಲುತ್ತವೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ರಾಜಾಜಿನಗರ ವಕೀಲ:

ಸರ್, ಮೊದಲು ಕಾನೂನಿನ ಚೌಕಟ್ಟನ್ನು ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಪ್ರಕರಣದಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ; ಅನಂತರ ಒಂದು ಬಾರಿಗೆ 5 ವರ್ಷದಂತೆ ನವೀಕರಿಸಬಹುದು. ದೆಹಲಿ ಪ್ರದೇಶಕ್ಕೆಂದು ಹೊರಟ ಆದೇಶಗಳನ್ನು ಓದಿ ಇಲ್ಲಿಯೂ 15 ವರ್ಷಕ್ಕೆ ಪೆಟ್ರೋಲ್ ಕಾರನ್ನು ಗುಜರಿಗೆ ಹಾಕಬೇಕು ಎಂದು ಹೆದರುವವರಿದ್ದಾರೆ; ಬೆಂಗಳೂರಿನಲ್ಲಿ ಖಾಸಗಿ ಕಾರಿಗೆ ಅಂಥ ನಿರ್ಬಂಧವಿಲ್ಲ. 2022ರ ಏಪ್ರಿಲ್ 1ರಿಂದ ನವೀಕರಣದ ಕೇಂದ್ರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನ ತಿದ್ದುಪಡಿಯ ನಂತರ 20 ವರ್ಷ ದಾಟಿದ ಕಾರಿಗೆ ಅದು 10,000 ರೂಪಾಯಿ. ರಾಜ್ಯದ ಹಸಿರು ತೆರಿಗೆ ಬೇರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಖಾಸಗಿ ಕಾರೊಂದು ಷೋರೂಮಿನಿಂದ ಹೊರಬಂದ ಮೇಲೆ 15 ವರ್ಷ ತುಂಬುವವರೆಗೆ ಅದರ ಬ್ರೇಕನ್ನಾಗಲಿ ಸ್ಟೀರಿಂಗನ್ನಾಗಲಿ ಯಾರೂ ಕಡ್ಡಾಯವಾಗಿ ನೋಡುವುದಿಲ್ಲ. ನಡುವೆ ನಡೆಯುವುದು ಎಮಿಷನ್ ಟೆಸ್ಟ್ ಒಂದೇ. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷವಾದ ಮೇಲೆ ಪ್ರತಿ ವರ್ಷ, ಜರ್ಮನಿ ಮತ್ತು ಜಪಾನುಗಳಲ್ಲಿ 3 ವರ್ಷದ ನಂತರ ಎರಡು ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಆಗುತ್ತದೆ. ಆದ್ದರಿಂದ ತಪಾಸಣೆ ನಂಬಲರ್ಹವೇ ಎಂಬ ನಿಮ್ಮ ಪ್ರಶ್ನೆಗೆ ಮುಂಚೆಯೇ, ಅಷ್ಟು ವರ್ಷಕ್ಕೊಮ್ಮೆ ನೋಡುವುದರಿಂದ ಏನು ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಯಲಹಂಕ ಟ್ಯಾಕ್ಸಿ ಮಾಲೀಕ:

ವಕೀಲರ ಮಾತು ನಿಜ. ಹಳದಿ ಬೋರ್ಡಿನ ಗಾಡಿಗೆ 8 ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಲೇಬೇಕು. ಅದಕ್ಕಾಗಿಯಾದರೂ ನಾವು ಬ್ರೇಕ್ ಲೈನರ್, ಟೈರ್, ವೈಪರ್, ಇಂಡಿಕೇಟರ್ ಎಲ್ಲವನ್ನೂ ಸರಿಮಾಡಿಸುತ್ತೇವೆ. ತಪಾಸಣೆ ಎಷ್ಟು ಬಿಗಿಯಾಗಿತ್ತು ಎಂಬುದಕ್ಕಿಂತ ದಿನಾಂಕ ಹತ್ತಿರ ಬಂತು ಎಂಬ ಒತ್ತಡವೇ ಗಾಡಿಯನ್ನು ಗ್ಯಾರೇಜಿಗೆ ಎಳೆದೊಯ್ಯುತ್ತದೆ. ಬಿಳಿ ಬೋರ್ಡಿನವರಿಗೆ ಆ ಒತ್ತಡವೇ ಇಲ್ಲ.

ವಿಲ್ಸನ್ ಗಾರ್ಡನ್ ಮೆಕ್ಯಾನಿಕ್:

ಬಸವನಗುಡಿಯವರೇ, ನಿಮ್ಮ ಬೀದಿಯ ಎರಡು ಕಾರುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ಅಚ್ಚರಿ ತರಬಹುದು. ಹೆಡ್‌ಲೈಟ್ ಮಂಕಾಗಿದೆ ಎಂದು ವಾಪಸು ಕಳಿಸಿದ್ದು ಸರಿಯಾದ ತೀರ್ಮಾನ. ಹಳೆಯ ಕಾರಿನ ಹೆಡ್‌ಲೈಟಿನ ಪ್ಲಾಸ್ಟಿಕ್ ಮುಖ ಬಿಸಿಲಿಗೆ ಹಳದಿಯಾಗುತ್ತದೆ, ಒಳಗಿನ ರಿಫ್ಲೆಕ್ಟರಿನ ಲೇಪ ಹೋಗುತ್ತದೆ. ಮಾಲೀಕರು ಬೆಳಕು ಸಾಲದೆಂದು 60/55 ವ್ಯಾಟ್‌ನ ಬಲ್ಬ್ ತೆಗೆದು 100/90 ಹಾಕಿಸುತ್ತಾರೆ, ಆ ಶಾಖಕ್ಕೆ ಹೋಲ್ಡರ್ ಕರಗಿ ರಿಫ್ಲೆಕ್ಟರ್ ಇನ್ನಷ್ಟು ಕೆಡುತ್ತದೆ. ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆಯೇ ಹೊರತು ರಸ್ತೆಯ ಮೇಲೆ ಬೆಳಕು ಬೀಳುವುದಿಲ್ಲ. ಕಟಕಟ ಶಬ್ದ ಮಾಡುವ ಕಾರನ್ನು ಪಾಸು ಮಾಡಿದ್ದರ ಬಗ್ಗೆ ಮಾತ್ರ ನಿಮ್ಮ ಅನುಮಾನ ನ್ಯಾಯವಾದದ್ದು. ಆ ಶಬ್ದ ಲಿಂಕ್ ರಾಡಿನದಾಗಿದ್ದರೆ ಕಿರಿಕಿರಿಯಷ್ಟೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಥವಾ ಚಕ್ರವನ್ನು ಹಿಡಿದಿರುವ ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಸವೆದು ಬರುತ್ತಿದ್ದರೆ ಒಂದು ದಿನ ಚಕ್ರ ಚಾಲಕನ ಮಾತು ಕೇಳುವುದನ್ನೇ ನಿಲ್ಲಿಸುತ್ತದೆ. ಮೂರೂ ಹೆಚ್ಚುಕಡಿಮೆ ಒಂದೇ ರೀತಿ ಸದ್ದು ಮಾಡುತ್ತವೆ. ಕಾರನ್ನು ಜಾಕಿನ ಮೇಲೆತ್ತಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಒಮ್ಮೆ, ಎಡಕ್ಕೆ ಬಲಕ್ಕೆ ಒಮ್ಮೆ ಅಲ್ಲಾಡಿಸಿ ನೋಡದೆ ಯಾವುದೆಂದು ಹೇಳಲಾಗದು. ಬಯಲಿನಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ನಡೆಯುವ ತಪಾಸಣೆಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಪ್ರತಿಯೊಂದು ಕಾರನ್ನೂ ಜಾಕಿನ ಮೇಲೆ ಎತ್ತಲಾರರು. ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಎಂಜಿನ್ ನಂಬರು, ದೀಪ, ಹಾರ್ನ್, ವೈಪರ್, ಸೀಟ್ ಬೆಲ್ಟ್, ಟೈರು, ಗಾಜಿನ ಮೇಲಿನ ಕಪ್ಪು ಫಿಲ್ಮ್, ನಂಬರ್ ಪ್ಲೇಟು ಇವು ಕಣ್ಣಿಗೆ ಕಾಣುತ್ತವೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಬ್ರೇಕ್ ಇದೆಯೋ ಇಲ್ಲವೋ ತಿಳಿಯುತ್ತದೆ. ಅದಕ್ಕಿಂತ ಆಳಕ್ಕೆ ಆ ತಪಾಸಣೆ ಇಳಿಯುವುದಿಲ್ಲ.

ಈಗ ಹಳೆಯ ಕಾರು ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಕಾಣುವುದು ಬ್ರೇಕಿನ ಅಸಮತೋಲ. ಹಿಂದಿನ ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಒಂದು ಕಡೆ ಸೋರುತ್ತಿರುತ್ತದೆ, ಎಣ್ಣೆ ಲೈನರಿಗೆ ಮೆತ್ತಿ ಆ ಚಕ್ರ ಹಿಡಿಯುವುದೇ ಇಲ್ಲ. ಮುಂದೆ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ನುಗಳು ಒಣಗಿ ಅಂಟಿಕೊಂಡಿರುತ್ತವೆ, ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರಂತೆಯೇ ಇರುತ್ತದೆ. ರಬ್ಬರ್ ಹೋಸ್ ಒಳಗೊಳಗೇ ಉಬ್ಬಿ ಮುಚ್ಚಿಕೊಂಡರೆ ಪೆಡಲ್ ಬಿಟ್ಟ ಮೇಲೂ ಆ ಚಕ್ರ ಹಿಡಿದೇ ಇರುತ್ತದೆ. ನಗರದೊಳಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ವೇಗದಲ್ಲಿ ಓಡಾಡುವವರಿಗೆ ಇದರಲ್ಲಿ ಯಾವುದೂ ಅನುಭವಕ್ಕೆ ಬರುವುದಿಲ್ಲ; ಮಳೆಯಲ್ಲಿ ತುಮಕೂರು ರಸ್ತೆಯ ಮೇಲೆ ಜೋರಾಗಿ ಬ್ರೇಕ್ ಒತ್ತಿದ ದಿನ ಕಾರು ಒಂದು ಬದಿಗೆ ಎಳೆಯುತ್ತದೆ. ಇದರ ಜೊತೆಗೆ ಬ್ರೇಕ್ ಎಣ್ಣೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಎಣ್ಣೆಗೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕೆಂಬ ಮಾನದಂಡವಿದೆ. ನೀರು ಸೇರಿದ ಮೇಲೆ ಅದೇ ಮಾನದಂಡದ ಮಿತಿ 155ಕ್ಕೆ ಇಳಿಯುತ್ತದೆ. ಶಿರಾಡಿಯಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರ ಬ್ರೇಕ್ ಕೈಕೊಡುವುದಕ್ಕೆ ಇದು ದೊಡ್ಡ ಕಾರಣ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕು. ನನ್ನ ಬಳಿ ಬರುವ ಎಷ್ಟೋ ಕಾರುಗಳಲ್ಲಿ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಎಫ್‌ಸಿ ತಪಾಸಣೆಯಲ್ಲಿ ಆ ಡಬ್ಬಿಯ ಮುಚ್ಚಳವನ್ನು ತೆಗೆದು ನೋಡುವ ವಾಡಿಕೆಯಿಲ್ಲ.

ಹ್ಯಾಂಡ್ ಬ್ರೇಕ್ ಕೇಬಲ್, ಹರಿದ ಆಕ್ಸಲ್ ಬೂಟು, ಸೋರುವ ಶಾಕ್ ಅಬ್ಸಾರ್ಬರ್, ಬಿರುಕು ಬಿಟ್ಟ ಬುಷ್‌ಗಳು ನಮ್ಮ ಊರಿನ ಗುಂಡಿ ಮತ್ತು ಹಂಪ್‌ಗಳ ಕಾಣಿಕೆ. ಟೈರಿನ ವಿಷಯದಲ್ಲಿ ಅಚ್ಚಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು, ಆದರೆ ಕಡಿಮೆ ಓಡುವ ಹಳೆಯ ಕಾರುಗಳಲ್ಲಿ ಅಚ್ಚು ಚೆನ್ನಾಗಿಯೇ ಇದ್ದು ರಬ್ಬರ್ ಗಟ್ಟಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯ ಟೈರಿನ ಪಕ್ಕೆಯಲ್ಲಿ ಸಣ್ಣ ಬಿರುಕುಗಳು ಕಂಡರೆ ಅಚ್ಚು ಎಷ್ಟೇ ಇರಲಿ, ಬದಲಾಯಿಸಿ.

ಮಲ್ಲೇಶ್ವರದ ಓದುಗರು:

ತುಕ್ಕಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಬೆಂಗಳೂರು ಸಮುದ್ರದಿಂದ ದೂರ ಇರುವುದರಿಂದ ಇಲ್ಲಿನ ಕಾರಿಗೆ ಚಿಂತೆಯಿಲ್ಲ ಎಂದು ಕೇಳಿದ್ದೇನೆ.

ವಿಲ್ಸನ್ ಗಾರ್ಡನ್ ಮೆಕ್ಯಾನಿಕ್:

ಮಂಗಳೂರು, ಉಡುಪಿ ಕಡೆಯಿಂದ ಬಂದ ಕಾರುಗಳಿಗೆ ಹೋಲಿಸಿದರೆ ಕಡಿಮೆ, ಅಷ್ಟೆ. ಬಾಗಿಲ ಕೆಳಗಿನ ನೀರು ಹರಿಯುವ ತೂತುಗಳು ಧೂಳಿನಿಂದ ಮುಚ್ಚಿಕೊಂಡು ಅಲ್ಲಿ ನೀರು ನಿಲ್ಲುತ್ತದೆ. ಮುಂದಿನ ಗಾಜಿನ ಕೆಳಗೆ ಮರದ ಎಲೆ ತುಂಬಿಕೊಂಡರೆ ಮಳೆನೀರು ಒಳಗಿಳಿದು ಕಾರ್ಪೆಟ್ಟಿನ ಅಡಿ ವರ್ಷಗಟ್ಟಲೆ ತೇವವಾಗಿರುತ್ತದೆ. ಹೊರಗಿನ ತುಕ್ಕಿಗೆ ಟಿಂಕರಿಂಗ್ ಮಾಡಿ, ಪುಟ್ಟಿ ಹಚ್ಚಿ, ಪೇಂಟ್ ಹೊಡೆದರೆ ತಪಾಸಣೆಯ ದಿನ ಕಾರು ಮಿನುಗುತ್ತದೆ. ಆದರೆ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟ್ ಹಾಕಿರುವ ಜಾಗ, ಲೋಯರ್ ಆರ್ಮ್ ಹಿಡಿಯುವ ಜಾಗ ಈ ಮೂರರಲ್ಲಿ ತುಕ್ಕು ತೂತಾಗಿದ್ದರೆ ಪುಟ್ಟಿ ಯಾವ ಭಾರವನ್ನೂ ಹೊರುವುದಿಲ್ಲ. ತಗಡು ಬೆಸುಗೆ ಹಾಕಿಸದೆ ಅಂಥ ಕಾರನ್ನು ರಸ್ತೆಗೆ ಬಿಡಬಾರದು. ಚಾಸಿ ನಂಬರು ಕೊರೆದ ಜಾಗಕ್ಕೆ ತುಕ್ಕು ಬಂದು ಅಂಕಿ ಓದಲು ಬಾರದೆ ಹೋದರೂ ಕೆಲಸ ನಿಂತುಹೋಗುತ್ತದೆ; ಅದನ್ನು ಮೊದಲೇ ಮೆಲ್ಲಗೆ ಒರೆಸಿ ಗ್ರೀಸ್ ಸವರಿಡಬೇಕು, ಉಪ್ಪುಕಾಗದ ಹಾಕಿ ಉಜ್ಜಬಾರದು. ಅಂಕಿ ಅಳಿಸಿದಂತೆ ಕಂಡರೆ ನಂಬರು ತಿದ್ದಿದ್ದಾರೆ ಎಂಬ ಅನುಮಾನಕ್ಕೆ ದಾರಿಯಾಗುತ್ತದೆ.

ಪೀಣ್ಯ ಇಂಜಿನಿಯರ್:

ಪರೀಕ್ಷಾ ಯಂತ್ರಗಳ ಕೆಲಸ ಬಲ್ಲವನಾಗಿ ಕೆಲವು ಮಾತು ಸೇರಿಸುತ್ತೇನೆ. ನೆಲಮಂಗಲದಲ್ಲಿರುವಂಥ ಸ್ವಯಂಚಾಲಿತ ಕೇಂದ್ರದಲ್ಲಿ ಬ್ರೇಕನ್ನು ಓಡಿಸಿ ನೋಡುವುದಿಲ್ಲ. ಒಂದು ಆಕ್ಸಲಿನ ಎರಡು ಚಕ್ರಗಳನ್ನು ಎರಡು ಜೊತೆ ರೋಲರುಗಳ ಮೇಲೆ ನಿಲ್ಲಿಸಿ, ರೋಲರುಗಳನ್ನು ನಿಧಾನವಾಗಿ ತಿರುಗಿಸಿ, ಪೆಡಲ್ ಒತ್ತಿದಾಗ ಪ್ರತಿಯೊಂದು ಚಕ್ರ ಎಷ್ಟು ಬಲದಿಂದ ತಡೆಯುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮೆಕ್ಯಾನಿಕ್ ಅವರು ಹೇಳಿದ ಎಡಬಲದ ಅಸಮತೋಲ ಅಲ್ಲಿ ಸಂಖ್ಯೆಯಾಗಿ ಕಾಣುತ್ತದೆ. ಬಯಲಿನಲ್ಲಿ ಓಡಿಸಿ ನೋಡುವವರಿಗೆ ಅದು ಸಿಗುವುದಿಲ್ಲ. ಸೈಡ್ ಸ್ಲಿಪ್ (ನೇರ ಹೋಗುವಾಗ ಚಕ್ರ ಪಕ್ಕಕ್ಕೆ ಜಾರುವ ಪ್ರಮಾಣ), ಹೆಡ್‌ಲೈಟಿನ ಕೋನ ಮತ್ತು ತೀವ್ರತೆ, ಸಸ್ಪೆನ್ಷನ್, ಕೀಲುಗಳ ಸಡಿಲ, ಹೊಗೆ ಎಲ್ಲಕ್ಕೂ ಹೀಗೆಯೇ ಅಳತೆಯಿದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಕೇಂದ್ರಗಳಿಗೆ ಪ್ರತ್ಯೇಕ ನಿಯಮಾವಳಿ ಹೊರಡಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ ಎಂದು ನನ್ನ ದೃಢ ನಂಬಿಕೆ.

ಹಾಗೆಂದು ಯಂತ್ರದ ಫಲಿತಾಂಶ ಕಾರಿನ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ ಎಂದು ತಿಳಿಯಬಾರದು. ಎಡ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಸೈಡ್ ಸ್ಲಿಪ್ಪಿನ ಅಳತೆಯೂ ಬ್ರೇಕಿನ ಅಳತೆಯೂ ಬದಲಾಗುತ್ತವೆ. ರೋಲರ್ ಒದ್ದೆಯಾಗಿದ್ದರೆ, ಹಿಂದಿನ ಸೀಟು ಖಾಲಿಯಿದ್ದು ಆಕ್ಸಲ್ ಹಗುರವಾಗಿದ್ದರೆ, ಚಕ್ರ ಬೇಗ ಕಚ್ಚಿಕೊಂಡು ಬಲ ಕಡಿಮೆ ಕಾಣುತ್ತದೆ. ಡಿಕ್ಕಿಯಲ್ಲಿ ಭಾರವಿದ್ದರೆ ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ. ಒಂದೇ ಕಾರು ಬೆಳಿಗ್ಗೆ ಸೋತು ಮಧ್ಯಾಹ್ನ ಗೆಲ್ಲುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೆ. ಅದರಲ್ಲಿ ಯಾರ ಕೈವಾಡವನ್ನೂ ಹುಡುಕಬೇಕಾಗಿಲ್ಲ.

ಎಮಿಷನ್ ಟೆಸ್ಟಿನ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿದೆ. ಬೆಂಗಳೂರಿನಲ್ಲಿ 2010ರ ಏಪ್ರಿಲ್‌ನಿಂದ ಬಿಎಸ್ 4 ಎಂಬ ಹೊಗೆಯ ಮಾನದಂಡ ಜಾರಿಯಲ್ಲಿದ್ದುದರಿಂದ 2011ರ ಕಾರು ಆ ವರ್ಗಕ್ಕೆ ಸೇರುತ್ತದೆ: ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮೀರುವಂತಿಲ್ಲ. ಬಿಎಸ್ 2 ಮತ್ತು 3ರ ಕಾರುಗಳಿಗೆ ಅದು ಶೇ 0.5 ಮತ್ತು 750. ಅಳೆಯುವ ಕೊಳವೆಯನ್ನು ಸೈಲೆನ್ಸರಿನೊಳಗೆ ಕನಿಷ್ಠ 300 ಮಿಲಿಮೀಟರ್ ತೂರಿಸಬೇಕು. ತುದಿಗಷ್ಟೇ ಸಿಕ್ಕಿಸಿದರೆ ಹೊರಗಿನ ಗಾಳಿ ಬೆರೆತು ಅಂಕಿ ಚೆಂದ ಬರುತ್ತದೆ. ಸೈಲೆನ್ಸರ್ ತೂತಾಗಿದ್ದರೂ ಹಾಗೆಯೇ: ಕೆಟ್ಟ ಸೈಲೆನ್ಸರಿನ ಕಾರಿನ ಹೊಗೆ ಅಳತೆಯಲ್ಲಿ ಶುದ್ಧವಾಗಿ ಕಾಣಬಹುದು. ಬಿಎಸ್ 4 ಕಾರುಗಳಿಗೆ ಎಂಜಿನ್ ವೇಗ 2,500ರ ಸುತ್ತ ಇರುವಾಗ ಲ್ಯಾಂಬ್ಡಾ ಎಂಬ ಗಾಳಿ ಮತ್ತು ಇಂಧನದ ಅನುಪಾತವನ್ನೂ ನೋಡಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಅದು 1ರ ಆಚೀಚೆ 0.03ರೊಳಗೆ ಇರಬೇಕು, ಸೋರಿಕೆಯಿದ್ದರೆ ಮೇಲೆ ಹೋಗಿ ಸಿಕ್ಕಿಬೀಳುತ್ತದೆ. ನಿಮ್ಮ ಎಮಿಷನ್ ಚೀಟಿಯಲ್ಲಿ ಆ ಜಾಗ ಖಾಲಿಯಿದ್ದರೆ ಆ ಟೆಸ್ಟ್ ಪೂರ್ತಿಯಾಗಿ ನಡೆದಿಲ್ಲ ಎಂದೇ ಅರ್ಥ.

ಹೊರಮಾವು ಸದಸ್ಯೆ:

ನಾನು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ನೋಡುತ್ತಿದ್ದೇನೆ. ಮಾರುವವರು "ಹೊಸದಾಗಿ ಎಫ್‌ಸಿ ಆಗಿದೆ, ಇನ್ನೈದು ವರ್ಷ ಚಿಂತೆಯಿಲ್ಲ" ಎಂದು ಅದನ್ನೇ ಮುಂದಿಟ್ಟು ಬೆಲೆ ಏರಿಸುತ್ತಾರೆ. ಇಷ್ಟನ್ನೆಲ್ಲ ಓದಿದ ಮೇಲೆ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ತಿಳಿಯುತ್ತಿಲ್ಲ.

ರಾಜಾಜಿನಗರ ವಕೀಲ:

ಮೇಡಂ, ದಾಖಲೆಯ ಮಟ್ಟಿಗೆ ಅದಕ್ಕೆ ಬೆಲೆಯಿದೆ: ನವೀಕರಣದ ಶುಲ್ಕ, ತೆರಿಗೆ ಸಂದಾಯವಾಗಿದೆ, ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಅಧಿಕಾರಿ ನೋಡಿದ್ದಾರೆ. ಕಾರಿನ ಆರೋಗ್ಯದ ಮಟ್ಟಿಗೆ, ತಪಾಸಣೆಯ ದಿನ ಕಣ್ಣಿಗೆ ಕಾಣುವ ದೋಷವಿರಲಿಲ್ಲ ಎಂಬುದಕ್ಕಿಂತ ಹೆಚ್ಚಿನ ಭರವಸೆಯನ್ನು ಅದರಿಂದ ನಿರೀಕ್ಷಿಸಬೇಡಿ. ಬಣ್ಣ ಬದಲಾಗಿದ್ದರೆ, ಗ್ಯಾಸ್ ಕಿಟ್ ಹಾಕಿದ್ದರೆ ಆರ್‌ಸಿಯಲ್ಲಿ ಅದು ನಮೂದಾಗಿದೆಯೇ ನೋಡಿ. ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಲೇಬೇಕು.

ವಿಲ್ಸನ್ ಗಾರ್ಡನ್ ಮೆಕ್ಯಾನಿಕ್:

ಇನ್ನೊಂದು ಎಚ್ಚರಿಕೆ, ಮೇಡಂ. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ನೀರಲ್ಲಿ ನಿಂತ ಕಾರನ್ನು ತೊಳೆದು ಒಣಗಿಸಿದರೆ ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಅದರ ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸ್ಟೆಪ್ನಿ ಎತ್ತಿ ಅದರ ಅಡಿಯ ಗುಂಡಿಯನ್ನು, ಸೀಟಿನ ಕೆಳಗಿನ ವೈರಿನ ಕನೆಕ್ಟರುಗಳ ಹಸಿರು ಕಿಲುಬನ್ನು ನೋಡಿ. ಇದು ಯಾವ ಎಫ್‌ಸಿಯಲ್ಲೂ ಬರುವುದಿಲ್ಲ.

ಯಲಹಂಕ ಟ್ಯಾಕ್ಸಿ ಮಾಲೀಕ:

ಯಂತ್ರದ ತಪಾಸಣೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿಗೆ ನನ್ನದೊಂದು ಆಕ್ಷೇಪವಿದೆ. ಒಂದು ದಿನ ಗಾಡಿ ನಿಂತರೆ ಆ ದಿನದ ದುಡಿಮೆಯೇ ಇಲ್ಲದವರು ನಾವು. ಕೇಂದ್ರ ದೂರವಿದ್ದು, ಅಲ್ಲಿ ಫೇಲ್ ಆದರೆ ರಿಪೇರಿ ಮಾಡಿಸಿಕೊಂಡು ಮತ್ತೆ ಅಷ್ಟೇ ದೂರ ಹೋಗಬೇಕೆಂದರೆ ಚಾಲಕರು ದಲ್ಲಾಳಿಗಳ ಹತ್ತಿರವೇ ಹೋಗುತ್ತಾರೆ. ಕೇಂದ್ರಗಳು ನಗರದ ನಾಲ್ಕೂ ದಿಕ್ಕಿಗೆ ಬರಬೇಕು, ಫೇಲ್ ಮಾಡಿದಾಗ ಯಾವ ಚಕ್ರ, ಎಷ್ಟು ಅಳತೆ ಎಂಬುದನ್ನು ಮುದ್ರಿಸಿ ಕೈಗೆ ಕೊಡಬೇಕು.

ಪೀಣ್ಯ ಇಂಜಿನಿಯರ್:

ಕೊನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಪಾಸಾದವರಿಗೂ ಆ ಮುದ್ರಿತ ಅಳತೆ ಸಿಗಬೇಕು. ಹಿಂದಿನ ಬಲ ಚಕ್ರದ ಬ್ರೇಕ್ ಬಲ ಮಿತಿಗೆ ಹತ್ತಿರ ಬಂದಿದೆ ಎಂದು ತಿಳಿದರೆ ಮಾಲೀಕರು ಮುಂದಿನ ತಪಾಸಣೆಯವರೆಗೆ ಕಾಯುವುದಿಲ್ಲ. ದೂರದ ಕಷ್ಟದ ಬಗ್ಗೆ ನನ್ನ ಬಳಿ ಉತ್ತರವಿಲ್ಲ. ಅದನ್ನು ಸಾರಿಗೆ ಇಲಾಖೆಯೇ ಬಗೆಹರಿಸಬೇಕು. ಆದರೆ ಖಾಸಗಿ ಕಾರುಗಳಿಗೆ 15 ವರ್ಷದವರೆಗೆ ಯಾವ ತಪಾಸಣೆಯೂ ಬೇಡ ಎಂಬ ಈಗಿನ ವ್ಯವಸ್ಥೆಯನ್ನು ಮಾತ್ರ ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ.

ಬಸವನಗುಡಿ ವಾಸಿ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಎಫ್‌ಸಿಯನ್ನು ಕಾನೂನಿನ ಅಗತ್ಯವಾಗಿ ಮಾಡಿಸುತ್ತೇನೆ. ಘಾಟಿ ಇಳಿಯುವ ತೀರ್ಮಾನವನ್ನು ನಾಲ್ಕೂ ಚಕ್ರ ಬಿಚ್ಚಿಸಿ ನೋಡಿದ ಮೇಲೆ ಮಾಡುತ್ತೇನೆ. ಈಗ ಉಳಿದಿರುವುದು ಒಂದೇ ಪ್ರಶ್ನೆ. ಯಾವ ಕೆಲಸವನ್ನು ಮೊದಲು ಮಾಡಿಸಬೇಕು, ಅರ್ಜಿಯನ್ನು ಯಾವಾಗ ಹಾಕಬೇಕು?

ರಾಜಾಜಿನಗರ ವಕೀಲ:

ಅವಧಿ ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ಆ ಅವಕಾಶದ ಆರಂಭದಲ್ಲೇ ಸಲ್ಲಿಸಿದರೆ ಕಾರು ವಾಪಸು ಬಂದರೂ ರಿಪೇರಿಗೆ ಸಮಯವಿರುತ್ತದೆ. ತಡವಾದರೆ ಕಾರಿಗೆ ಪ್ರತಿ ತಿಂಗಳಿಗೆ, ತಿಂಗಳ ಭಾಗಕ್ಕೂ ಸೇರಿ, 500 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ರಸ್ತೆಗಿಳಿದಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದು ಖಚಿತ. ವಿಮೆ, ಎಮಿಷನ್, ಎಚ್‌ಎಸ್‌ಆರ್‌ಪಿ (ಹೆಚ್ಚು ಸುರಕ್ಷತೆಯ ನಂಬರ್ ಪ್ಲೇಟು) ಫಲಕ ಮೂರೂ ಚಾಲ್ತಿಯಲ್ಲಿರಲಿ.

ವಿಲ್ಸನ್ ಗಾರ್ಡನ್ ಮೆಕ್ಯಾನಿಕ್:

ಸರ್, ಅರ್ಜಿಗೆ ಮುಂಚೆಯೇ ಗಾಡಿಯನ್ನು ಗ್ಯಾರೇಜಿಗೆ ಬಿಡಿ. ಬ್ರೇಕ್ ಮೊದಲು: ಡ್ರಮ್ ಬಿಚ್ಚಿಸಿ, ಕ್ಯಾಲಿಪರ್ ಪಿನ್ ತೆಗೆಸಿ, ಎಣ್ಣೆ ಪೂರ್ತಿ ಬದಲಾಯಿಸಿ. ಆಮೇಲೆ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್. ಅವು ಮುಗಿಯುವ ತನಕ ವೀಲ್ ಅಲೈನ್‌ಮೆಂಟಿಗೆ ದುಡ್ಡು ಹಾಕಬೇಡಿ, ಮತ್ತೆ ಮಾಡಿಸಬೇಕಾಗುತ್ತದೆ. ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಬ್ರೇಕ್ ಮತ್ತು ಸ್ಟೀರಿಂಗಿನ ಭಾಗಗಳಿಗೆ ಕಂಪನಿಯ ಮೂಲ ಮಾಲನ್ನೇ ಬಿಲ್ಲಿನ ಸಮೇತ ಕೇಳಿ. ಎಮಿಷನ್ ಟೆಸ್ಟಿಗೆ ಎಂಜಿನ್ ತಣ್ಣಗಿರುವಾಗ ಹೋಗಬೇಡಿ, ಹೊಗೆಯನ್ನು ಶುದ್ಧಮಾಡುವ ಕನ್ವರ್ಟರ್ ಕಾದ ಮೇಲೆಯೇ ಕೆಲಸ ಮಾಡುವುದು. ಅರ್ಧ ಗಂಟೆ ಓಡಿಸಿಕೊಂಡು ಹೋಗಿ. ಹೆಡ್‌ಲೈಟ್ ಸೆಟ್ಟಿಂಗ್ ಎಲ್ಲಕ್ಕಿಂತ ಕೊನೆಗಿರಲಿ, ಏಕೆಂದರೆ ಹೊಸ ಶಾಕ್ ಅಬ್ಸಾರ್ಬರ್ ಮತ್ತು ಬುಷ್ ಹಾಕಿದ ಮೇಲೆ ಕಾರು ನಿಲ್ಲುವ ಎತ್ತರ ಬದಲಾಗಿ ಬೆಳಕಿನ ಕೋನವೂ ಬದಲಾಗಬಹುದು. ಸೆಟ್ಟಿಂಗ್ ಮಾಡಿಸುವಾಗ ಡಿಕ್ಕಿ ಖಾಲಿಯಿರಲಿ, ನಾಲ್ಕೂ ಟೈರಿಗೆ ಗಾಳಿ ಸರಿಯಾಗಿರಲಿ, ತಪಾಸಣೆಗೂ ಹಾಗೆಯೇ ತೆಗೆದುಕೊಂಡು ಹೋಗಿ.